ಕಂಚಿನ ಆನೆ, ಘೇಂಡಾಮೃಗ, ಗೂಬೆ: ಪ್ರಾಚೀನ ಚೀನಾದ ಪ್ರಾಣಿರೂಪದ ಪಾತ್ರೆಗಳ ಮೂಲಕ ಮಿಶ್ರಲೋಹದ ಪಾಠ

ಪ್ರಸ್ತಾವನೆ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ಲೋಹಗಳು ಮತ್ತು ಅಲೋಹಗಳು’ ಅಧ್ಯಾಯದ ಕೊನೆಯಲ್ಲಿ ಲೋಹಗಳ ನಶಿಸುವಿಕೆ ಮತ್ತು ಮಿಶ್ರಲೋಹಗಳ ವಿಷಯ ಬರುತ್ತದೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು, ಸೀಸಕ್ಕೆ ತವರ ಸೇರಿದರೆ ಬೆಸುಗೆ ಲೋಹ. ಮಕ್ಕಳು ಇದನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡುತ್ತಾರೆ. ಆದರೆ ತವರವನ್ನು ಯಾಕೆ ಸೇರಿಸಬೇಕಾಯಿತು, ಸೇರಿಸಿದ್ದರಿಂದ ಮನುಷ್ಯರಿಗೆ ಏನು ಸಾಧ್ಯವಾಯಿತು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಈ ಭಾಗಕ್ಕೆ ಒಂದು ನಿಜವಾದ ವಸ್ತುವನ್ನು ನಡುವೆ ಇಟ್ಟು ಪಾಠ ಮಾಡಬೇಕೆಂದು ನಾನು ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ಯೋಚಿಸಿದೆ. ಆರಿಸಿಕೊಂಡದ್ದು ಪ್ರಾಚೀನ ಚೀನಾದ ಪ್ರಾಣಿರೂಪದ ಕಂಚಿನ ಪಾತ್ರೆಗಳನ್ನು.

ನನ್ನ ಬೋಧನಾಭ್ಯಾಸದ ಶಾಲೆ ಹಾಸನ ಜಿಲ್ಲೆಯ ಮಲೆನಾಡಿನ ಅಂಚಿನ ಒಂದು ಹಳ್ಳಿಯಲ್ಲಿದೆ. ಪಾಠಯೋಜನೆಯನ್ನು ತೋರಿಸಿದಾಗ ಅಲ್ಲಿನ ಮಾರ್ಗದರ್ಶಿ ಶಿಕ್ಷಕರು ಕೇಳಿದ ಮೊದಲ ಪ್ರಶ್ನೆ, “ಚೀನಾದ ಪಾತ್ರೆ ಯಾಕಮ್ಮ? ಪರೀಕ್ಷೆಗೆ ಇದರಿಂದ ಏನು ಉಪಯೋಗ?” ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಈ ಲೇಖನ ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ. ಪಾಠಕ್ಕೆ ಬೇಕಾದ ಹಿನ್ನೆಲೆ, ತರಗತಿಯಲ್ಲಿ ನಡೆದ ಹಂತಗಳು, ಮಕ್ಕಳು ಎತ್ತಿದ ಪ್ರಶ್ನೆಗಳು, ಇವುಗಳನ್ನು ಇದೇ ಕ್ರಮದಲ್ಲಿ ಕೊಟ್ಟಿದ್ದೇನೆ.

ಪಾತ್ರೆಗಳ ಪರಿಚಯ

ಚೀನಾದ ಹಳದಿ ನದಿಯ ಬಯಲಿನಲ್ಲಿ ಸುಮಾರು ಕ್ರಿ.ಪೂ. 1600ರಿಂದ ಕ್ರಿ.ಪೂ. 1046ರವರೆಗೆ ಷಾಂಗ್ ವಂಶ ಆಳಿತು. ಅದರ ಕೊನೆಯ ರಾಜಧಾನಿ ಇಂದಿನ ಹೆನಾನ್ ಪ್ರಾಂತ್ಯದ ಅನ್ಯಾಂಗ್ ಬಳಿ ಇತ್ತು. ಷಾಂಗ್ ಅರಸರು ತೀರಿಕೊಂಡ ಹಿರಿಯರಿಗೆ ಅನ್ನ, ಮಾಂಸ, ಮದ್ಯ ಅರ್ಪಿಸುತ್ತಿದ್ದರು. ಅದಕ್ಕೆಂದೇ ಕಂಚಿನ ಪಾತ್ರೆಗಳನ್ನು ಎರಕ ಹೊಯ್ಯಿಸುತ್ತಿದ್ದರು. ಮದ್ಯ ತುಂಬಿಡುವ ಒಂದು ಬಗೆಯ ಪಾತ್ರೆಗೆ ‘ಜುನ್’ ಎಂದು ಹೆಸರು. ಈ ಪದವನ್ನು ಬರೆಯುವ ಚೀನೀ ಅಕ್ಷರದ ಹಳೆಯ ರೂಪದಲ್ಲಿ ಎರಡು ಕೈಗಳು ಒಂದು ಗಡಿಗೆಯನ್ನು ಎತ್ತಿ ಹಿಡಿದಿರುತ್ತವೆ. ಅದೇ ಅಕ್ಷರಕ್ಕೆ ‘ಗೌರವ’ ಎಂಬ ಅರ್ಥವೂ ಇದೆ.

ಹೆಚ್ಚಿನ ಜುನ್‌ಗಳು ಅಗಲ ಬಾಯಿಯ ಹೂಜಿಯಂತೆ ಇರುತ್ತವೆ. ಕೆಲವು ಮಾತ್ರ ಇಡಿಯಾಗಿ ಒಂದು ಪ್ರಾಣಿಯ ಆಕಾರದಲ್ಲಿವೆ. ಹೊಟ್ಟೆ ಟೊಳ್ಳು, ಬೆನ್ನ ಮೇಲೋ ತಲೆಯ ಹಿಂದೆಯೋ ಬಾಯಿ, ಅದಕ್ಕೊಂದು ಮುಚ್ಚಳ. ಇಂಥವುಗಳಲ್ಲಿ ಮೂರನ್ನು ಪಾಠಕ್ಕೆ ತೆಗೆದುಕೊಂಡೆ.

ಮೊದಲನೆಯದು ಗೂಬೆ. 1976ರಲ್ಲಿ ಪುರಾತತ್ವಜ್ಞೆ ಝೆಂಗ್ ಝೆನ್‌ಶಿಯಾಂಗ್ ಅವರ ನೇತೃತ್ವದಲ್ಲಿ ಅನ್ಯಾಂಗ್‌ನಲ್ಲಿ ಫು ಹಾವ್ ಎಂಬ ರಾಣಿಯ ಗೋರಿಯನ್ನು ಅಗೆಯಲಾಯಿತು. ಈಕೆ ಸುಮಾರು ಕ್ರಿ.ಪೂ. 1200ರಲ್ಲಿದ್ದ ಅರಸ ವೂ ಡಿಂಗ್‌ನ ಪತ್ನಿ. ಸೈನ್ಯ ನಡೆಸಿದವಳು, ಪೂಜೆಗಳನ್ನು ನೆರವೇರಿಸಿದವಳು ಎಂದು ಆ ಕಾಲದ ಮೂಳೆ ಬರಹಗಳಿಂದ ಗೊತ್ತಾಗಿದೆ. ಕಳ್ಳರ ಕೈಗೆ ಸಿಗದೆ ಉಳಿದಿದ್ದ ಆ ಗೋರಿಯಲ್ಲಿ 468 ಕಂಚಿನ ವಸ್ತುಗಳು ದೊರೆತವು. ಅವುಗಳ ಒಟ್ಟು ತೂಕ ಸುಮಾರು 1.6 ಟನ್. ಗೂಬೆಯ ಆಕಾರದ ಒಂದು ಜೊತೆ ಜುನ್ ಅದರಲ್ಲಿತ್ತು. ಒಂದೊಂದೂ ಸುಮಾರು 46 ಸೆಂಟಿಮೀಟರ್ ಎತ್ತರ, ಸುಮಾರು 16 ಕಿಲೋ ತೂಕ. ಒಂದು ಈಗ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ, ಇನ್ನೊಂದು ಹೆನಾನ್ ವಸ್ತುಸಂಗ್ರಹಾಲಯದಲ್ಲಿದೆ.

ಎರಡನೆಯದು ಆನೆ. ಇದು 1975ರಲ್ಲಿ ದಕ್ಷಿಣದ ಹುನಾನ್ ಪ್ರಾಂತ್ಯದ ಲಿಲಿಂಗ್‌ನಲ್ಲಿ ಸಿಕ್ಕಿತು. ಎತ್ತರ 22.8 ಸೆಂಟಿಮೀಟರ್. ಮೇಲೆತ್ತಿದ ಸೊಂಡಿಲು ಟೊಳ್ಳಾಗಿದ್ದು ಹೊಟ್ಟೆಗೆ ಸೇರಿಕೊಂಡಿದೆ. ಬೆನ್ನ ಮೇಲಿನ ಬಾಯಿಯಿಂದ ತುಂಬಿಸಿ ಸೊಂಡಿಲಿನಿಂದ ಬಗ್ಗಿಸಬಹುದು. ಸೊಂಡಿಲಿನ ತುದಿ ಹಕ್ಕಿಯ ತಲೆಯಂತಿದೆ, ಅದರ ಮೇಲೊಂದು ಪುಟ್ಟ ಹುಲಿ ಮಲಗಿದೆ.

ಮೂರನೆಯದು ಘೇಂಡಾಮೃಗ. ಷಾನ್‌ಡಾಂಗ್ ಪ್ರಾಂತ್ಯದಲ್ಲಿ 19ನೆಯ ಶತಮಾನದಲ್ಲಿ ಸಿಕ್ಕಿದ ಇದು ಈಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಏಷ್ಯನ್ ಆರ್ಟ್ ಮ್ಯೂಸಿಯಂನಲ್ಲಿದೆ. ಸುಮಾರು 23 ಸೆಂಟಿಮೀಟರ್ ಎತ್ತರ. ಬೇರೆ ಪಾತ್ರೆಗಳಂತೆ ಮೈತುಂಬ ಚಿತ್ತಾರವಿಲ್ಲ. ದಪ್ಪ ಕಾಲು, ಜೋತ ಹೊಟ್ಟೆ, ಮೂತಿಯ ಮೇಲೆ ಎರಡು ಕೊಂಬು, ಇಷ್ಟೇ. ಒಳಗೆ 27 ಅಕ್ಷರಗಳ ಬರಹವಿದೆ. ಅರಸ ರೆನ್‌ಫಾಂಗ್ ಎಂಬ ಜನರ ಮೇಲೆ ದಂಡೆತ್ತಿ ಹೋದ ಕಾಲದಲ್ಲಿ ಯೂ ಎಂಬ ಅಧಿಕಾರಿಗೆ ಕವಡೆಗಳನ್ನು ಉಡುಗೊರೆ ಕೊಟ್ಟ ವಿಷಯ ಅದರಲ್ಲಿದೆ.

ಪಾಠದ ಉದ್ದೇಶಗಳು ಮತ್ತು ಉಪಕರಣಗಳು

ವಿದ್ಯಾರ್ಥಿಗಳು,
1. ಶುದ್ಧ ಲೋಹಕ್ಕೂ ಮಿಶ್ರಲೋಹಕ್ಕೂ ಇರುವ ಗುಣವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸುವರು.
2. ತಾಮ್ರದ ಮೇಲೆ ಹಸಿರು ಪದರ ಉಂಟಾಗುವ ಕಾರಣವನ್ನು ತಿಳಿಸುವರು.
3. ಟೊಳ್ಳಾದ ವಸ್ತುವನ್ನು ಎರಕ ಹೊಯ್ಯುವ ತತ್ವವನ್ನು ಮಾದರಿಯಿಂದ ತೋರಿಸುವರು.
4. ಒಂದು ವಸ್ತುವಿನ ಬಗ್ಗೆ ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸುವರು.

ಮೊದಲ ಮೂರು ಪಠ್ಯಕ್ಕೆ ಸೇರಿದವು. ನಾಲ್ಕನೆಯದಕ್ಕಾಗಿಯೇ ಈ ಪಾತ್ರೆಗಳನ್ನು ಆರಿಸಿದ್ದು. ವೈಜ್ಞಾನಿಕ ಮನೋಭಾವ ಎಂದು ಪ್ರತಿ ಪಾಠಯೋಜನೆಯಲ್ಲೂ ನಾವು ಬರೆಯುತ್ತೇವೆ. ಅದನ್ನು ಒಂದು ಅವಧಿಯೊಳಗೆ ಮಕ್ಕಳ ಕೈಗೆ ಸಿಗುವಂತೆ ಮಾಡುವುದು ಹೇಗೆ ಎಂಬುದು ನನ್ನ ಮುಖ್ಯ ಪ್ರಶ್ನೆಯಾಗಿತ್ತು.

ಉಪಕರಣಗಳು: ಮೂರು ಪಾತ್ರೆಗಳ ದೊಡ್ಡ ಬಣ್ಣದ ಮುದ್ರಿತ ಚಿತ್ರಗಳು, ಮನೆಯಿಂದ ತಂದ ಒಂದು ಕಂಚಿನ ಬಟ್ಟಲು, ಕಿಲುಬು ಹಿಡಿದ ಒಂದು ತಾಮ್ರದ ತಂಬಿಗೆ, ಎರಡು ಅಳತೆಯ ಕಾಗದದ ಲೋಟಗಳು, ಬಿಳಿ ಮತ್ತು ಕೆಂಪು ಮೇಣದ ಬತ್ತಿ, ಮರಳು, ಹುಣಸೆಹಣ್ಣು. ಎರಡು ಅವಧಿಗಳನ್ನು ಜೋಡಿಸಿಕೊಂಡೆ. ಮರುದಿನ ಮೌಲ್ಯಮಾಪನಕ್ಕೆ ಒಂದು ಅವಧಿ.

ಮೊದಲ ಹಂತ: ನೋಡುವುದು

ಕಪ್ಪುಹಲಗೆಯ ಮೇಲೆ ನಾಲ್ಕು ಅಂಕಣ ಎಳೆದೆ. ‘ಕಣ್ಣಿಗೆ ಕಂಡದ್ದು’, ‘ಬರಹ ಹೇಳಿದ್ದು’, ‘ಬೇರೆ ಸಾಕ್ಷ್ಯದಿಂದ ತಿಳಿದದ್ದು’, ‘ಊಹೆ’. ತರಗತಿಯನ್ನು ಆರು ಗುಂಪು ಮಾಡಿ, ಎರಡೆರಡು ಗುಂಪಿಗೆ ಒಂದೊಂದು ಪ್ರಾಣಿಯ ಚಿತ್ರ ಕೊಟ್ಟೆ. ಯಾವ ದೇಶದ್ದು, ಎಷ್ಟು ಹಳೆಯದು ಎಂದು ಹೇಳಲಿಲ್ಲ. ಐದು ನಿಮಿಷ ಮಾತಾಡದೆ ನೋಡಿ, ಆಮೇಲೆ ಕಂಡದ್ದನ್ನಷ್ಟೇ ಬರೆಯಿರಿ ಎಂದೆ.

ಗೂಬೆಯ ಗುಂಪಿನಿಂದ ಬಂದ ಮೊದಲ ವಾಕ್ಯ, “ಇದು ದೇವರ ಗೂಬೆ.” ಅದನ್ನು ಅಳಿಸಲಿಲ್ಲ. “ದೇವರದ್ದು ಅಂತ ಕಣ್ಣಿಗೆ ಕಾಣಿಸ್ತಾ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಚರ್ಚೆಯಾಗಿ ವಾಕ್ಯ ನಾಲ್ಕನೆಯ ಅಂಕಣಕ್ಕೆ ಹೋಯಿತು. ಆಮೇಲೆ ಕಂಡದ್ದು ಒಂದೊಂದಾಗಿ ಬಂತು. ಬಣ್ಣ ಹಸಿರು. ತಲೆಯ ಹಿಂದೆ ಮುಚ್ಚಳ. ಬೆನ್ನಿಗೆ ಹಿಡಿ. ರೆಕ್ಕೆಯ ಮೇಲೆ ಸುತ್ತಿಕೊಂಡ ಹಾವು. ಎರಡು ಕಾಲು ಮತ್ತು ನೆಲಕ್ಕೆ ಊರಿದ ಬಾಲ.

ಬಾಲದ ವಿಷಯ ಹೇಳಿದ ಹುಡುಗನನ್ನು ಅಲ್ಲೇ ನಿಲ್ಲಿಸಿ, ಬಾಲ ನೆಲಕ್ಕೆ ಯಾಕೆ ತಾಗಿದೆ ಎಂದು ಕೇಳಿದೆ. “ಎರಡೇ ಕಾಲಾದ್ರೆ ಬಿದ್ದೋಗುತ್ತೆ ಮಿಸ್. ನಮ್ಮನೆ ಮುಕ್ಕಾಲಿ ಥರ” ಎಂದ. ಮೂರು ಬಿಂದುಗಳ ಮೇಲೆ ನಿಂತದ್ದು ಒರಟು ನೆಲದಲ್ಲೂ ಅಲುಗಾಡುವುದಿಲ್ಲ, ನಾಲ್ಕು ಕಾಲಿನದು ಅಲುಗಾಡಬಹುದು ಎಂಬುದನ್ನು ತರಗತಿಯ ಬೆಂಚಿನಿಂದಲೇ ತೋರಿಸಲು ಸಾಧ್ಯವಾಯಿತು. ಹಕ್ಕಿಗೆ ಮೂರನೆಯ ಕಾಲು ಕೊಡಲಾಗದ ಕುಶಲಕರ್ಮಿ ಬಾಲವನ್ನೇ ಕಾಲು ಮಾಡಿದ್ದ.

ಎರಡನೆಯ ಹಂತ: ಲೋಹವನ್ನು ಕೇಳುವುದು

ಇದು ಮೂರು ಸಾವಿರ ವರ್ಷ ಹಿಂದೆ ಚೀನಾದಲ್ಲಿ ಮಾಡಿದ್ದು, ಕಂಚಿನದು ಎಂದು ಆಗ ಹೇಳಿದೆ. ಕೂಡಲೇ ಬಂದ ಪ್ರಶ್ನೆ, “ಕಂಚು ಹಸಿರು ಇರಲ್ವಲ್ಲ ಮಿಸ್?” ಮೇಜಿನ ಮೇಲಿನ ತಾಮ್ರದ ತಂಬಿಗೆಯನ್ನು ಕೈಯಿಂದ ಕೈಗೆ ದಾಟಿಸಿದೆ. ಕಿಲುಬು ಎಂಬ ಪದವನ್ನು ಮಕ್ಕಳೇ ಹೇಳಿದರು. ತೇವಾಂಶವಿರುವ ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ತಾಮ್ರ ವರ್ತಿಸಿ ಪ್ರತ್ಯಾಮ್ಲೀಯ ತಾಮ್ರದ ಕಾರ್ಬೊನೇಟ್ ಉಂಟಾಗುತ್ತದೆ ಎಂಬ ಪಠ್ಯದ ವಾಕ್ಯಕ್ಕೆ ಅಲ್ಲಿಂದ ಬಂದೆವು. ಹುಣಸೆಹಣ್ಣಿನಿಂದ ತಂಬಿಗೆಯ ಒಂದು ಬದಿ ತಿಕ್ಕಿಸಿದೆ. ಹುಳಿ ಪದಾರ್ಥ ತಾಮ್ರದ ಪಾತ್ರೆಯನ್ನು ಹೇಗೆ ಸ್ವಚ್ಛಗೊಳಿಸುತ್ತದೆ ಎಂಬುದು ಅಧ್ಯಾಯದ ಕೊನೆಯ ಅಭ್ಯಾಸದಲ್ಲಿಯೇ ಇರುವ ಪ್ರಶ್ನೆ. ಹೊಸದಾಗಿ ಎರಕ ಹೊಯ್ದಾಗ ಈ ಗೂಬೆಯೂ ಹೊಂಬಣ್ಣಕ್ಕೆ ಹೊಳೆಯುತ್ತಿತ್ತು, ಹಸಿರು ಆಮೇಲೆ ಬಂದದ್ದು ಎಂದೆ.

“ಹಾಗಾದ್ರೆ ಮ್ಯೂಸಿಯಂನವರು ಹುಣಸೆಹಣ್ಣು ಹಾಕಿ ತಿಕ್ಕಬಹುದಲ್ಲ?” ಎಂದು ಒಬ್ಬಳು ಕೇಳಿದಳು. ಆಮ್ಲ ಹಸಿರು ಪದರವನ್ನು ಕರಗಿಸಿಕೊಂಡು ಹೋಗುತ್ತದೆ. ಗಟ್ಟಿಯಾಗಿ ಕೂತ ಆ ಪದರ ಒಳಗಿನ ಲೋಹಕ್ಕೆ ಹೊದಿಕೆಯೂ ಹೌದು, ವಸ್ತು ಮಣ್ಣಿನಲ್ಲಿ ಕಳೆದ ಕಾಲದ ಗುರುತೂ ಹೌದು. ತಿಕ್ಕಿದರೆ ಎರಡೂ ಹೋಗುತ್ತವೆ.

ನಂತರ ತವರದ ಪ್ರಶ್ನೆ. ಶುದ್ಧ ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತವರ 232 ಡಿಗ್ರಿಯಲ್ಲಿ. ಹತ್ತರಲ್ಲಿ ಒಂದು ಪಾಲು ತವರ ಬೆರೆಸಿದರೆ ಮಿಶ್ರಣ ಸುಮಾರು 1000 ಡಿಗ್ರಿಯ ಹೊತ್ತಿಗೆ ಪೂರ್ತಿ ದ್ರವವಾಗುತ್ತದೆ. ಇದ್ದಿಲು ಮತ್ತು ತಿದಿ ಮಾತ್ರ ಇದ್ದವರಿಗೆ ಈ ವ್ಯತ್ಯಾಸ ದೊಡ್ಡದು. ಕಂಚು ತಾಮ್ರಕ್ಕಿಂತ ಗಟ್ಟಿ, ಅಚ್ಚಿನಲ್ಲಿ ಚೆನ್ನಾಗಿ ಹರಿಯುತ್ತದೆ. ಷಾಂಗ್ ಕಾಲದವರು ಸೀಸವನ್ನೂ ಸೇರಿಸುತ್ತಿದ್ದರು. ಅದರಿಂದ ಹರಿವು ಇನ್ನೂ ಹೆಚ್ಚುತ್ತದೆ, ಸಣ್ಣ ಗೆರೆಗಳೊಳಕ್ಕೂ ಲೋಹ ತುಂಬುತ್ತದೆ. ಮುಂದೆ ಕೆಲವು ಶತಮಾನಗಳ ನಂತರ ಬರೆದ ‘ಕಾವ್‌ಗಾಂಗ್ ಜಿ’ ಎಂಬ ಕುಶಲಕಲೆಗಳ ಗ್ರಂಥದಲ್ಲಿ ಗಂಟೆಗೆ, ಕೊಡಲಿಗೆ, ಕನ್ನಡಿಗೆ ಬೇರೆ ಬೇರೆ ಪ್ರಮಾಣದ ತವರವನ್ನು ಹೇಳಲಾಗಿದೆ. ಕಂಚಿನ ಬಟ್ಟಲನ್ನು ತಟ್ಟಿ ನಾದ ಕೇಳಿಸಿ, ತಂಬಿಗೆಯ ಸದ್ದಿನೊಂದಿಗೆ ಹೋಲಿಸಿದೆವು.

ಇಲ್ಲಿ ಒಂದು ಲೆಕ್ಕ ಕೊಟ್ಟೆ. ಗೂಬೆಯ ತೂಕ ಸುಮಾರು 16 ಕಿಲೋ. ಕಂಚಿನ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ 8.8 ಗ್ರಾಂ ಎಂದು ಹಿಡಿದರೆ ಲೋಹದ ಗಾತ್ರ ಎಷ್ಟು? ಸುಮಾರು 1818 ಘನ ಸೆಂಟಿಮೀಟರ್, ಎಂದರೆ ಎರಡು ಲೀಟರಿಗೂ ಕಡಿಮೆ. ಮೊಣಕಾಲೆತ್ತರದ ಗೂಬೆಗೆ ಇಷ್ಟೇ ಲೋಹ ಸಾಕಾಯಿತೇ ಎಂದು ಮಕ್ಕಳಿಗೆ ಆಶ್ಚರ್ಯ. ಗೋಡೆ ತೆಳು, ಒಳಗೆ ಟೊಳ್ಳು ಎಂಬ ಉತ್ತರ ಬಂದಾಗ ಮುಂದಿನ ಹಂತಕ್ಕೆ ದಾರಿ ತಾನಾಗಿ ತೆರೆಯಿತು.

ಮೂರನೆಯ ಹಂತ: ಟೊಳ್ಳನ್ನು ಎರಕ ಹೊಯ್ಯುವುದು

ನಮ್ಮ ಕಡೆ ಕಂಚಿನ ವಿಗ್ರಹಗಳಿಗೆ ಮೇಣದ ಎರಕ ಬಳಕೆಯಲ್ಲಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ಅದರ ವಿವರಣೆಯಿದೆ. ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹೊರಹಾಕಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಷಾಂಗ್ ಕುಶಲಕರ್ಮಿಗಳ ದಾರಿ ಬೇರೆ. ಅವರದ್ದು ಬಿಡಿಬಿಡಿ ಅಚ್ಚು. ಮೊದಲು ಮಣ್ಣಿನಲ್ಲಿ ಪಾತ್ರೆಯ ಮಾದರಿ ಮಾಡುತ್ತಾರೆ. ಅದರ ಸುತ್ತ ಹಸಿ ಮಣ್ಣು ಒತ್ತಿ, ಅರೆ ಒಣಗಿದಾಗ ಹೋಳುಗಳಾಗಿ ಕತ್ತರಿಸಿ ತೆಗೆಯುತ್ತಾರೆ. ಇದು ಹೊರ ಅಚ್ಚು. ಆಮೇಲೆ ಮಾದರಿಯನ್ನೇ ಮೇಲಿನಿಂದ ತೆಳುವಾಗಿ ಹೆರೆದರೆ ಅದು ಒಳ ತಿರುಳಾಗುತ್ತದೆ. ಹೋಳುಗಳನ್ನು ತಿರುಳಿನ ಸುತ್ತ ಮತ್ತೆ ಜೋಡಿಸಿದರೆ ಹೆರೆದಷ್ಟು ಸಂದು ಉಳಿಯುತ್ತದೆ. ಆ ಸಂದೇ ಪಾತ್ರೆಯ ಗೋಡೆ. ತಿರುಳು ಅಲುಗಾಡದಂತೆ ನಡುವೆ ಚಿಕ್ಕ ಕಂಚಿನ ತುಂಡುಗಳನ್ನು ಇಡುತ್ತಾರೆ. ಸಾಮಾನ್ಯವಾಗಿ ಅಚ್ಚನ್ನು ತಲೆಕೆಳಗಾಗಿ ಇಟ್ಟು, ಪಾದದ ಕಡೆಯಿಂದ ಲೋಹ ಹೊಯ್ಯುತ್ತಾರೆ. ಅನ್ಯಾಂಗ್‌ನ ಎರಕಶಾಲೆಗಳ ಜಾಗದಲ್ಲಿ ಇಂಥ ಮಣ್ಣಿನ ಅಚ್ಚಿನ ಚೂರುಗಳು ಸಾವಿರಾರು ಸಿಕ್ಕಿವೆ.

ಮಾತಿನಲ್ಲಿ ಇದು ಕಷ್ಟ. ಆದ್ದರಿಂದ ದೊಡ್ಡ ಕಾಗದದ ಲೋಟದೊಳಗೆ ಚಿಕ್ಕ ಲೋಟ ಇಟ್ಟೆ. ಎರಡರ ನಡುವೆ, ತಳದಲ್ಲೂ ಬದಿಗಳಲ್ಲೂ, ಕೆಂಪು ಮೇಣದ ಚಿಕ್ಕ ತುಂಡುಗಳು. ಒಳಲೋಟ ತೇಲದಂತೆ ಅದರಲ್ಲಿ ಮರಳು ತುಂಬಿದೆ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿದ ಬಿಳಿ ಮೇಣ ಸ್ವಲ್ಪ ಮಬ್ಬಾಗತೊಡಗಿದಾಗ ಸಂದಿಗೆ ಹೊಯ್ದೆ. ಈ ಕೆಲಸವನ್ನು ಶಿಕ್ಷಕರೇ ಮಾಡಬೇಕು, ಮಕ್ಕಳು ಒಂದು ಮಾರು ದೂರ ನಿಲ್ಲಬೇಕು. ತಣ್ಣೀರಿನ ತಟ್ಟೆಯಲ್ಲಿಟ್ಟರೆ ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಕಾಗದ ಸುಲಿದಾಗ ಮೇಣದ ಬಟ್ಟಲು ಹೊರಬಂತು, ಗೋಡೆಯಲ್ಲಿ ಕೆಂಪು ಚುಕ್ಕೆಗಳು ಹಾಗೇ ಉಳಿದಿದ್ದವು.

ಷಾಂಗ್ ಪಾತ್ರೆಗಳ ಕ್ಷ-ಕಿರಣ ಚಿತ್ರಗಳಲ್ಲೂ ನಡುವೆ ಇಟ್ಟ ಕಂಚಿನ ತುಂಡುಗಳು ಹೀಗೆಯೇ ಕಾಣುತ್ತವೆ ಎಂದೆ. ಹೊರಲೋಟದ ಅಂಟಿನ ಗೆರೆ ಬಟ್ಟಲಿನ ಮೇಲೂ ಮೂಡಿತ್ತು. ಅದನ್ನು ನೋಡಿದ ಆನೆಯ ಗುಂಪು ತಮ್ಮ ಚಿತ್ರದಲ್ಲಿ ಅಚ್ಚಿನ ಹೋಳುಗಳು ಸೇರುವ ಗೆರೆ ಹುಡುಕಲು ಶುರುಮಾಡಿತು. ನಾನು ಹೇಳಿಕೊಡದ ಕೆಲಸ ಅದು.

ನಾಲ್ಕನೆಯ ಹಂತ: ಬರಹ, ಮೂಳೆ, ಊಹೆ

ಈಗ ಉಳಿದ ಅಂಕಣಗಳು. ಗೂಬೆಯ ಒಳಗೆ ‘ಫು ಹಾವ್’ ಎಂಬ ಹೆಸರು ಎರಕದಲ್ಲೇ ಇದೆ. ಘೇಂಡಾಮೃಗದೊಳಗೆ 27 ಅಕ್ಷರ. ಲಿಲಿಂಗ್‌ನ ಆನೆಯ ಬಗ್ಗೆ ಎರಡನೆಯ ಅಂಕಣ ಖಾಲಿಯೇ ಉಳಿಯಿತು. ಖಾಲಿ ಅಂಕಣವನ್ನು ಖಾಲಿಯಾಗಿಯೇ ಬಿಡುವುದು ಕೂಡ ಒಂದು ಕಲಿಕೆ ಎಂದು ಮಕ್ಕಳಿಗೆ ಹೇಳಿದೆ.

ಮೂರನೆಯ ಅಂಕಣಕ್ಕೆ ನನ್ನ ಕಡೆಯಿಂದ ಮಾಹಿತಿ ಕೊಟ್ಟೆ. ಈ ಪಾತ್ರೆಗಳಲ್ಲಿ ಇಡುತ್ತಿದ್ದ ಮದ್ಯ ಧಾನ್ಯದಿಂದ ಹುಳಿ ಬರಿಸಿದ್ದು. ಅನ್ಯಾಂಗ್‌ನಲ್ಲೂ ಲೂಯಿ ಎಂಬಲ್ಲಿಯೂ ಬಿಗಿಯಾಗಿ ಮುಚ್ಚಿದ ಕಂಚಿನ ಪಾತ್ರೆಗಳಲ್ಲಿ ಮೂರು ಸಾವಿರ ವರ್ಷ ಹಳೆಯ ದ್ರವವೇ ಸಿಕ್ಕಿದ್ದು, 2004ರಲ್ಲಿ ಅದರ ರಾಸಾಯನಿಕ ವಿಶ್ಲೇಷಣೆ ಪ್ರಕಟವಾಗಿದೆ. ಉತ್ತರ ಚೀನಾದ ಆ ಬಯಲಿನ ಮುಖ್ಯ ಬೆಳೆಗಳು ನವಣೆ ಮತ್ತು ಬರಗು. ನಮ್ಮ ಹೊಲಗಳ ಈ ಎರಡು ಧಾನ್ಯಗಳನ್ನೂ ಮೊದಲು ಬೇಸಾಯಕ್ಕೆ ತಂದ ಪ್ರದೇಶ ಅದು ಎಂದಾಗ ಮಕ್ಕಳು ಚೀನಾವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

ಊಹೆಯ ಅಂಕಣದಲ್ಲಿ ಜಗಳವೇ ಆಯಿತು. “ಗೂಬೆ ಅಪಶಕುನ ಅಲ್ವಾ ಮಿಸ್? ರಾಣಿ ಗೋರಿಯಲ್ಲಿ ಯಾಕೆ ಇಟ್ರು?” ನಂತರದ ಕಾಲದ ಚೀನೀಯರೂ ಗೂಬೆಯನ್ನು ಅಪಶಕುನ ಎಂದೇ ಎಣಿಸಿದ್ದರು. ಆದರೆ ಷಾಂಗ್ ಕಾಲದ ಪಾತ್ರೆಗಳಲ್ಲಿ ಗೂಬೆ ಮತ್ತೆ ಮತ್ತೆ ಬರುತ್ತದೆ, ಅದೂ ರಾಣಿಯ ಹೆಸರಿನೊಂದಿಗೆ. ಅವರಿಗೆ ಗೂಬೆ ಗೌರವದ ಹಕ್ಕಿಯಾಗಿದ್ದಿರಬೇಕು ಎಂಬುದು ಒಳ್ಳೆಯ ಊಹೆ, ಯಾಕೆಂದರೆ ಅದಕ್ಕೆ ಆಧಾರವಿದೆ. ವಿದ್ವಾಂಸರೂ ಇಲ್ಲಿ ಒಮ್ಮತಕ್ಕೆ ಬಂದಿಲ್ಲ. ಹಿರಿಯರ ಲೋಕದೊಂದಿಗೆ ಮಾತಾಡಲು ನೆರವಾಗುವ ಪ್ರಾಣಿಗಳು ಇವು ಎಂದು ಕೆ. ಸಿ. ಚಾಂಗ್ ವಾದಿಸಿದರು. ಷಾಂಗ್ ಕಂಚಿನ ಚಿತ್ತಾರಗಳಿಗೆ ಅಲಂಕಾರವನ್ನು ಮೀರಿದ ನಿಶ್ಚಿತ ಅರ್ಥವಿಲ್ಲ ಎಂದು ಮ್ಯಾಕ್ಸ್ ಲೋಯರ್ ವಾದಿಸಿದರು. ದೊಡ್ಡವರೂ ಒಂದೇ ವಸ್ತು ನೋಡಿ ಬೇರೆ ಬೇರೆ ಹೇಳುತ್ತಾರೆ ಎಂಬುದು ಮಕ್ಕಳಿಗೆ ಹೊಸ ಸಂಗತಿಯಾಗಿತ್ತು.

ಆನೆ ಎಲ್ಲಿಗೆ ಹೋಯಿತು?

ಪಾಠದ ನಿಜವಾದ ತಿರುವು ಬಂದದ್ದು ಆನೆಯ ಗುಂಪಿನಿಂದ. “ಚೀನಾದಲ್ಲಿ ಆನೆ ಇದ್ವಾ ಮಿಸ್? ಅಥವಾ ಬರೀ ಕೇಳಿ ಮಾಡಿದ್ರಾ?”

ಕೇಳಿ ಮಾಡಿದ್ದಲ್ಲ ಎಂಬುದಕ್ಕೆ ಸಾಕ್ಷ್ಯಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಬರೆದೆ. ಷಾಂಗ್ ಮೂಳೆ ಬರಹಗಳಲ್ಲಿ ಆನೆಯ ಅಕ್ಷರವಿದೆ, ಅದಕ್ಕೆ ಉದ್ದ ಸೊಂಡಿಲು ಇದೆ. ಅದನ್ನು ಬರೆದು ತೋರಿಸಿದೆ. ಬೇಟೆಯಲ್ಲಿ ಆನೆ ಸಿಕ್ಕಿದ ದಾಖಲೆಗಳಿವೆ. ಅನ್ಯಾಂಗ್‌ನ ಬಲಿಗುಂಡಿಗಳಲ್ಲಿ ಆನೆಯ ಅಸ್ಥಿಪಂಜರಗಳು ಸಿಕ್ಕಿವೆ. 1978ರಲ್ಲಿ ಸಿಕ್ಕಿದ ಒಂದು ಮರಿಯಾನೆಯ ಜೊತೆ ಕಂಚಿನ ಗಂಟೆಯಿತ್ತು. ಘೇಂಡಾಮೃಗದ ಪಾತ್ರೆಯ ಎರಡು ಕೊಂಬು ಕೂಡ ನೋಡಿ ಮಾಡಿದ್ದರ ಗುರುತು. ಭಾರತದ ಘೇಂಡಾಮೃಗಕ್ಕೆ ಒಂದೇ ಕೊಂಬು, ಸುಮಾತ್ರಾ ಜಾತಿಯದಕ್ಕೆ ಎರಡು.

ಇಂದು ಚೀನಾದಲ್ಲಿ ಕಾಡಾನೆಗಳಿರುವುದು ದಕ್ಷಿಣದ ತುದಿಯ ಯುನಾನ್ ಪ್ರಾಂತ್ಯದಲ್ಲಿ ಮಾತ್ರ, ಸುಮಾರು 300. ಘೇಂಡಾಮೃಗ ಪೂರ್ತಿ ಇಲ್ಲ. ಚೀನಾದ ಹವಾಮಾನ ವಿಜ್ಞಾನಿ ಝು ಕೆಝೆನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಷಾಂಗ್ ಕಾಲದಲ್ಲಿ ಉತ್ತರ ಚೀನಾದ ಸರಾಸರಿ ಉಷ್ಣಾಂಶ ಈಗಿಗಿಂತ ಸುಮಾರು 2 ಡಿಗ್ರಿ ಹೆಚ್ಚಿತ್ತು. ಚಳಿ ಹೆಚ್ಚಿದ್ದು ಒಂದು ಕಾರಣ. ಇತಿಹಾಸಕಾರ ಮಾರ್ಕ್ ಎಲ್ವಿನ್ ಇನ್ನೊಂದನ್ನು ಒತ್ತಿ ಹೇಳುತ್ತಾರೆ. ಬೇಸಾಯ ಹರಡಿದಂತೆ ಕಾಡು ಕಡಿಯಿತು, ಬೆಳೆ ಉಳಿಸಿಕೊಳ್ಳಲು ರೈತರು ಆನೆಯನ್ನು ಓಡಿಸಿದರು, ದಂತಕ್ಕಾಗಿ ಕೊಂದರು. ಮೂರು ಸಾವಿರ ವರ್ಷಗಳಲ್ಲಿ ಆನೆ ಈಶಾನ್ಯದಿಂದ ನೈಋತ್ಯಕ್ಕೆ ಹಿಂದೆ ಸರಿಯುತ್ತ ಹೋಯಿತು. 2021ರಲ್ಲಿ ಯುನಾನ್‌ನ ಒಂದು ಹಿಂಡು ನೂರಾರು ಕಿಲೋಮೀಟರ್ ಉತ್ತರಕ್ಕೆ ನಡೆದು ಕುನ್ಮಿಂಗ್ ನಗರದವರೆಗೆ ಬಂದಾಗ ಜಗತ್ತೆಲ್ಲ ಸುದ್ದಿಯಾಯಿತು.

ಈ ಶಾಲೆಯ ಮಕ್ಕಳಿಗೆ ಆನೆ ಚಿತ್ರದ ಪ್ರಾಣಿಯಲ್ಲ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಚೀನಾದ ಆನೆಯೂ ಇದೇ ಜಾತಿಯದು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಹೇಳಿದ, “ಅವರು ಓಡಿಸಿದ್ದೇ ಸರಿ ಮಿಸ್. ನಮ್ಮ ಬಾಳೆ ತೋಟ ಎರಡು ವರ್ಷದಿಂದ ಕೈಗೆ ಬಂದಿಲ್ಲ. ರಾತ್ರಿ ಅಪ್ಪ ಹೊರಗೆ ಹೋದ್ರೆ ಅಮ್ಮ ನಿದ್ದೆ ಮಾಡಲ್ಲ.” ತರಗತಿ ಸುಮ್ಮನಾಯಿತು. ಸ್ವಲ್ಪ ಹೊತ್ತಿನ ಮೇಲೆ ಆನೆಯ ಗುಂಪಿನ ಒಬ್ಬಳು, “ಅಲ್ಲಿಂದ ಓಡಿಸಿದಾಗ ಅವಕ್ಕೆ ಹೋಗೋಕೆ ಜಾಗ ಇತ್ತು. ಇಲ್ಲಿಂದ ಓಡಿಸಿದ್ರೆ ಎಲ್ಲಿಗೆ ಹೋಗ್ತವೆ?” ಎಂದಳು.

ಇಬ್ಬರ ಮಾತಿಗೂ ನಾನು ತೀರ್ಪು ಕೊಡಲಿಲ್ಲ. ಹುಡುಗನ ಮನೆಯ ಭಯ ನಿಜ, ಅದನ್ನು ಪರಿಸರದ ಘೋಷಣೆಯಿಂದ ಮುಚ್ಚಬಾರದು. ಹುಡುಗಿಯ ಪ್ರಶ್ನೆಗೆ ಚೀನಾದ ಮೂರು ಸಾವಿರ ವರ್ಷಗಳ ದಾಖಲೆ ಬೆಂಬಲವಾಗಿದೆ. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದೆ. ಯಾವುದು ಯಾವ ಅಂಕಣಕ್ಕೆ ಸೇರುತ್ತದೆ ಎಂದು ಕೇಳಿದೆ. ಬಾಳೆ ತೋಟ ಹೋದದ್ದು ‘ಕಣ್ಣಿಗೆ ಕಂಡದ್ದು’. ಮುಂದೇನಾಗುತ್ತದೆ ಎಂಬುದು ‘ಊಹೆ’, ಆದರೆ ಆಧಾರವಿರುವ ಊಹೆ. ಈ ವಿಂಗಡಣೆಯನ್ನು ಮಕ್ಕಳೇ ಮಾಡಿದರು.

ಹೇಳಬೇಕೋ ಬೇಡವೋ

ಪಾಠಯೋಜನೆ ಮಾಡುವಾಗ ಒಂದು ವಿಷಯದಲ್ಲಿ ನಾನು ಬಹಳ ಯೋಚಿಸಿದ್ದೆ. ಫು ಹಾವ್‌ನ ಗೋರಿಯಲ್ಲಿ ಕಂಚು, ಜೇಡ್ ಶಿಲೆಯ ವಸ್ತುಗಳ ಜೊತೆಗೆ ಬಲಿಯಾದ ಕನಿಷ್ಠ 16 ಜನರ ಮತ್ತು 6 ನಾಯಿಗಳ ಅಸ್ಥಿಗಳೂ ಸಿಕ್ಕಿವೆ. ಹದಿನೈದು ವರ್ಷದ ಮಕ್ಕಳ ಮುಂದೆ ಇದನ್ನು ಹೇಳುವುದೇ? ಹೇಳದೆ ಬಿಟ್ಟರೆ ಪಾತ್ರೆ ಬರೀ ಸುಂದರ ವಸ್ತುವಾಗಿ ಉಳಿಯುತ್ತದೆ. ಸಾಕ್ಷ್ಯವನ್ನು ಗೌರವಿಸಿ ಎಂದು ಕಲಿಸುವ ಪಾಠದಲ್ಲಿ ನಮಗೆ ಬೇಕಾದ ಸಾಕ್ಷ್ಯವನ್ನಷ್ಟೇ ತೋರಿಸಿದಂತಾಗುತ್ತದೆ. ವಿವರಣೆಗೆ ಇಳಿಯದೆ ಒಂದೇ ವಾಕ್ಯದಲ್ಲಿ ಹೇಳಿದೆ.

“ಅವರ ಹೆಸರು ಗೊತ್ತಾ ಮಿಸ್?” ಎಂದು ಒಬ್ಬಳು ಕೇಳಿದಳು. ಪಾತ್ರೆಯಲ್ಲಿರುವುದು ರಾಣಿಯ ಹೆಸರು. ಆ ಹದಿನಾರು ಜನರ ಹೆಸರಿಲ್ಲ. ಮಣ್ಣು ಹದಮಾಡಿದವರ, ತಿದಿ ಒತ್ತಿದವರ, ಲೋಹ ಹೊಯ್ದವರ ಹೆಸರೂ ಇಲ್ಲ. ಬರಹ ಏನನ್ನು ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ನಾನು ಕಲಿಸಲು ಸಾಧ್ಯವಿರಲಿಲ್ಲ. ಇಂಥ ವಿಷಯದಲ್ಲಿ ಮಕ್ಕಳ ವಯಸ್ಸು, ತರಗತಿಯ ಮನಸ್ಥಿತಿ ನೋಡಿ ಪ್ರತಿ ಶಿಕ್ಷಕರೂ ತಾವೇ ನಿರ್ಧರಿಸಬೇಕು. ಆದರೆ ಸುಮ್ಮನಿರುವುದು ಸುಲಭ ಎಂಬ ಕಾರಣಕ್ಕೆ ಸುಮ್ಮನಿರಬಾರದು ಎಂದು ನನ್ನ ಅಭಿಪ್ರಾಯ.

ಮೌಲ್ಯಮಾಪನ

ಮರುದಿನ ಮೂರು ಪ್ರಶ್ನೆ ಕೊಟ್ಟೆ. ಮೊದಲನೆಯದು ಪಠ್ಯದ್ದೇ: ಮಿಶ್ರಲೋಹ ಎಂದರೇನು, ಶುದ್ಧ ಲೋಹಕ್ಕಿಂತ ಅದು ಹೇಗೆ ಭಿನ್ನ? ಎರಡನೆಯದು: ತಾಮ್ರದ ತಂಬಿಗೆ ಹಸಿರಾಗಲು ಕಾರಣವೇನು, ಹುಣಸೆಹಣ್ಣು ಅದನ್ನು ಹೇಗೆ ತೆಗೆಯುತ್ತದೆ? ಮೂರನೆಯದು: ನಿಮ್ಮ ಮನೆಯ ಒಂದು ಹಳೆಯ ಲೋಹದ ವಸ್ತುವನ್ನು ಆರಿಸಿ ನಾಲ್ಕು ಅಂಕಣಗಳಲ್ಲಿ ಬರೆಯಿರಿ.

ಮೊದಲೆರಡರ ಉತ್ತರಗಳಲ್ಲಿ ಮಕ್ಕಳು ಪುಸ್ತಕದ ವಾಕ್ಯದ ಜೊತೆಗೆ ತಮ್ಮ ಉದಾಹರಣೆಯನ್ನೂ ಸೇರಿಸಿದ್ದರು. ಕರಗುವ ಬಿಂದು ಕಡಿಮೆಯಾಗುವುದನ್ನು ಗೂಬೆಯ ಲೆಕ್ಕದೊಂದಿಗೆ ವಿವರಿಸಿದವರಿದ್ದರು. ಮೂರನೆಯದಕ್ಕೆ ಅಜ್ಜಿಯ ಕಂಚಿನ ತಟ್ಟೆ, ಕಲಾಯಿ ಹೋದ ತಾಮ್ರದ ಹಂಡೆ, ದನದ ಕೊರಳ ಗಂಟೆ, ದೇವರ ಮನೆಯ ಜಾಗಟೆ ಬಂದವು. ಒಬ್ಬಳು ಹಂಡೆಯ ಮೇಲೆ ಕೊರೆದ ಎರಡಕ್ಷರವನ್ನು ‘ಬರಹ ಹೇಳಿದ್ದು’ ಅಂಕಣದಲ್ಲಿ ಬರೆದು, ಅದು ಮುತ್ತಜ್ಜಿಯ ಹೆಸರಿನದು ಎಂಬುದನ್ನು ಅಜ್ಜಿಯನ್ನು ಕೇಳಿ ‘ಬೇರೆ ಸಾಕ್ಷ್ಯ’ದಲ್ಲಿ ಸೇರಿಸಿದ್ದಳು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

1. ಚಿತ್ರ ದೊಡ್ಡದಾಗಿ, ಸ್ಪಷ್ಟವಾಗಿ ಇರಲಿ. ಮುಂದಿನಿಂದ ಮಾತ್ರವಲ್ಲ, ಹಿಂದಿನಿಂದ ತೆಗೆದ ಚಿತ್ರವೂ ಬೇಕು. ಮುಚ್ಚಳ, ಹಿಡಿ, ಬಾಲ ಕಾಣುವುದು ಹಿಂದಿನಿಂದಲೇ.
2. ವಸ್ತುವಿನ ಹೆಸರು, ಕಾಲ, ದೇಶವನ್ನು ಮೊದಲೇ ಹೇಳಬೇಡಿ. ಹೇಳಿದ ಕೂಡಲೇ ನೋಡುವುದು ನಿಲ್ಲುತ್ತದೆ.
3. ಮೇಣದ ಎರಕವನ್ನು ಹಿಂದಿನ ದಿನ ಒಮ್ಮೆ ಮಾಡಿ ನೋಡಿ. ಮೇಣ ಬಹಳ ಬಿಸಿಯಿದ್ದರೆ ಕೆಂಪು ತುಂಡುಗಳು ಕರಗುತ್ತವೆ, ಬಹಳ ತಣ್ಣಗಾದರೆ ಸಂದಿಗೆ ಇಳಿಯುವುದಿಲ್ಲ.
4. ಸಮಾಜ ವಿಜ್ಞಾನದ ಶಿಕ್ಷಕರನ್ನು ಒಂದು ಅವಧಿಗೆ ಜೊತೆಗೆ ಕರೆಯಿರಿ. ನನ್ನ ತರಗತಿಯಲ್ಲಿ ಅವರು ಚೀನಾದ ಭೂಪಟ ತಂದು ಹಳದಿ ನದಿ, ಹುನಾನ್, ಯುನಾನ್‌ಗಳನ್ನು ತೋರಿಸಿದ್ದರಿಂದ ಆನೆಯ ದಾರಿ ಮಕ್ಕಳಿಗೆ ಸ್ಪಷ್ಟವಾಯಿತು.
5. ಹತ್ತಿರದ ವಸ್ತುವಿನೊಂದಿಗೆ ಹೋಲಿಸಿ, ಆದರೆ ಎರಡೂ ಒಂದೇ ಎನ್ನಬೇಡಿ. ಹಿರಿಯರಿಗೆ ಎಡೆ ಇಡುವುದನ್ನು ಮಕ್ಕಳು ನೆನಪಿಸಿದಾಗ, ಹೋಲುವುದೇನು, ಹೋಲದಿರುವುದೇನು ಎಂದು ಎರಡು ಪಟ್ಟಿ ಮಾಡಿಸಿದೆ.

ಉಪಸಂಹಾರ

ಮಾರ್ಗದರ್ಶಿ ಶಿಕ್ಷಕರ ಪ್ರಶ್ನೆಗೆ ನನ್ನ ಉತ್ತರ ಇದು. ಪಠ್ಯದ ಈ ಭಾಗದಲ್ಲಿ ಕಲಿಸಬೇಕಾದ ನಶಿಸುವಿಕೆ, ಮಿಶ್ರಲೋಹ, ಕರಗುವ ಬಿಂದು, ಆಮ್ಲದ ವರ್ತನೆ ನಾಲ್ಕೂ ಈ ಪಾಠದಲ್ಲಿ ಬಂದವು. ಹೆಚ್ಚುವರಿ ಬೇಕಾದದ್ದು ಒಂದು ಅವಧಿ. ಆ ಅವಧಿಯಲ್ಲಿ ಮಕ್ಕಳು ಒಂದು ವಸ್ತುವಿನ ಮುಂದೆ ನಿಂತು, ನನಗೆ ಏನು ಕಾಣುತ್ತಿದೆ, ಏನು ಗೊತ್ತು, ಏನನ್ನು ನಾನು ಸೇರಿಸಿಕೊಂಡು ಹೇಳುತ್ತಿದ್ದೇನೆ ಎಂದು ತಮ್ಮನ್ನೇ ಕೇಳಿಕೊಳ್ಳಲು ಕಲಿತರು. ಪರೀಕ್ಷೆಯ ಆಚೆ, ಮೊಬೈಲಿನಲ್ಲಿ ಬರುವ ಸುದ್ದಿಯ ಮುಂದೆಯೂ ಊರಿನ ಜಗಳದ ಮುಂದೆಯೂ ಅವರಿಗೆ ಬೇಕಾಗುವುದು ಇದೇ ಪ್ರಶ್ನೆ. ಮುಂದಿನ ಹಂತದ ಬೋಧನಾಭ್ಯಾಸದಲ್ಲಿ ಇದೇ ನಾಲ್ಕು ಅಂಕಣಗಳನ್ನು ಒಂಬತ್ತನೆಯ ತರಗತಿಯ ಧಾತು, ಮಿಶ್ರಣಗಳ ಪಾಠದಲ್ಲಿ ಬಳಸುವ ಯೋಚನೆಯಿದೆ. ಬೇರೆ ಶಾಲೆಗಳಲ್ಲಿ ಪ್ರಯತ್ನಿಸಿದವರು ತಮ್ಮ ತರಗತಿಯ ಪ್ರಶ್ನೆಗಳನ್ನು ಈ ಪತ್ರಿಕೆಯಲ್ಲಿ ಬರೆದರೆ ಎಲ್ಲರಿಗೂ ಉಪಯೋಗವಾದೀತು.